ನೋಡೋಕೆ ಬಂದೋರು, ನೋಡ್ಕೊಳ್ಳೋಕೆ ಬಂದೋರು: ಒಂದು ಕೋವಿಡ್ ವಾರ್ಡಿನ ಕೇಸು

ಪೇಷಂಟು ನಮ್ಮ ಸೋದರತ್ತೆ. ಆಗ 66 ವರ್ಷ, ಶುಗರ್ ಹದಿನೈದು ವರ್ಷದಿಂದ ಇದೆ, ಬಿಪಿಗೆ ದಿನಕ್ಕೊಂದು ಮಾತ್ರೆ, ಎರಡೂ ಕಿವಿ ಬಹಳ ಮಂದ. ಬಲಗಿವಿಗೆ ಮೆಷಿನ್ ಹಾಕ್ತಾರೆ, ಎಡಗಿವಿಗೆ ಹಾಕಿದ್ರೂ ಪ್ರಯೋಜನ ಇಲ್ಲ ಅಂತ ಡಾಕ್ಟ್ರೇ ಹೇಳಿದ್ದು. ಮೆಷಿನ್ ಇದ್ರೂ ಅರ್ಧ ಮಾತು ಕಿವೀಲಿ, ಇನ್ನರ್ಧ ಎದುರಿಗಿರೋರ ತುಟಿ ನೋಡಿ. ಇದು ಒಂದು ವಿದ್ಯೆ ಅಂತ ನಮಗ್ಯಾರಿಗೂ ಅನ್ಸೇ ಇರ್ಲಿಲ್ಲ, ಮನೇಲಿ ಚಿಕ್ಕ ಮಕ್ಕಳಿಗೂ ಹೇಳಿಕೊಟ್ಟಿದ್ದು ಇಷ್ಟೇ, ಅಜ್ಜಿ ಹತ್ರ ಮುಖ ತೋರಿಸಿ ಮಾತಾಡು, ಅಡುಗೆಮನೆಯಿಂದ ಕೂಗ್ಬೇಡ. 2021ರ ಮೇ ತಿಂಗಳಲ್ಲಿ ಒಂದೇ ಒಂದು ತುಟಿಯೂ ಕಾಣದ ಜಾಗ ಯಾವ್ದಾದ್ರೂ ಇದ್ರೆ ಅದು ಕೋವಿಡ್ ವಾರ್ಡು, ನಮ್ಮತ್ತೆ ಹೋಗಿ ಸೇರಿದ್ದು ಅಲ್ಲಿಗೇ.

ಊರಿನ ಹೆಸರು, ಆಸ್ಪತ್ರೆ ಹೆಸರು ಬೇಡ. ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ, ದೊಡ್ಡ ಆಸ್ಪತ್ರೆ, ಅಷ್ಟು ಸಾಕು. ಆಗ ನಾನು ಒಂದು ನೋಟ್‌ಬುಕ್ಕಲ್ಲಿ ಯಾವ ಟೈಮಿಗೆ ಯಾರು ಫೋನ್ ಮಾಡಿದ್ರು ಏನು ಹೇಳಿದ್ರು ಅಂತ ಬರೆದಿಟ್ಟಿದ್ದೆ, ಅದನ್ನ ಮುಂದಿಟ್ಕೊಂಡು ಬರೀತಿದೀನಿ. ವಾರ್ಡ್ ಒಳಗಿನ ವಿಷಯ ಎಲ್ಲಾ ಭಾವ, ಅಂದ್ರೆ ಅತ್ತೆ ಮಗ ಹೇಳಿದ್ದು, ಮತ್ತೆ ಒಬ್ರು ಸಿಸ್ಟರ್ ಆಮೇಲೆ ಹೇಳಿದ್ದು.

ಅಡ್ಮಿಟ್ ಆಗಿದ್ದು ಮೇ 10, ಸೋಮವಾರ, ರಾಜ್ಯದಲ್ಲಿ ಲಾಕ್‌ಡೌನ್ ಶುರುವಾದ ದಿನ. ಮನೇಲಿ ಆಕ್ಸಿಮೀಟರ್ 88 ತೋರಿಸ್ತಿತ್ತು, 108ಕ್ಕೆ ಫೋನ್ ಮಾಡಿದ್ವಿ, ಗಾಡಿ ಬರೋಕೆ ಎರಡೂವರೆ ಗಂಟೆ. ಗೇಟ್ ಹತ್ರ ಸೆಕ್ಯುರಿಟಿಯವರು ಕೈ ಅಡ್ಡ ಇಟ್ಟು ಪೇಷಂಟ್ ಮಾತ್ರ ಒಳಗೆ ಅಂದ್ರು, ಭಾವ ಸರ್ ಅವರಿಗೆ ಕಿವಿ ಕೇಳಲ್ಲ ಅಂದ್ರು, ಅವರು ಎಲ್ಲರದ್ದೂ ಒಂದೊಂದು ಇದ್ದೇ ಇರುತ್ತೆ ಸರ್ ಅಂದ್ರು. ಒರಟಾಗಿ ಅಲ್ಲ, ಸುಸ್ತಾಗಿ. ನಮ್ಮ ಹಿಂದೆ ಇನ್ನೂ ಮೂರು ಆಂಬುಲೆನ್ಸ್ ನಿಂತಿತ್ತು. ವೀಲ್‌ಚೇರ್ ತಳ್ಳಿಕೊಂಡು ಹೋದ ವಾರ್ಡ್ ಬಾಯ್ ಕೈಗೆ ಬ್ಯಾಗ್ ಕೊಟ್ವಿ, ಅದರಲ್ಲಿ ಫೋನು, ಚಾರ್ಜರ್, ಎರಡು ನೈಟಿ, ಶುಗರ್ ಮಾತ್ರೆ ಚೀಟಿ. ಕಿವಿ ಮೆಷಿನ್ನಿಗೆ ಎಕ್ಸ್‌ಟ್ರಾ ಬ್ಯಾಟರಿ ಇಡೋದು ಯಾರಿಗೂ ಹೊಳೀಲೇ ಇಲ್ಲ.

ಗೇಟಲ್ಲಿ ತಡೆದದ್ದು ತಪ್ಪು ಅಂತ ನಾನು ಆಗ್ಲೂ ಹೇಳ್ಲಿಲ್ಲ, ಈಗ್ಲೂ ಹೇಳಲ್ಲ. ಒಂದು ವಾರದ ಹಿಂದೆ ತಾನೇ, ಮೇ 2ರ ರಾತ್ರಿ, ಚಾಮರಾಜನಗರದಲ್ಲಿ ಆಕ್ಸಿಜನ್ ಇಲ್ಲದೆ ಅಷ್ಟು ಜನ ಸತ್ತಿದ್ರು, ಮೊದಲು 24 ಅಂದ್ರು, ಹೈಕೋರ್ಟ್ ನೇಮಿಸಿದ ಸಮಿತಿ ಆಮೇಲೆ 36 ಅಂತು. ಮೇ 5ಕ್ಕೆ ಹೈಕೋರ್ಟ್ ರಾಜ್ಯಕ್ಕೆ ದಿನಕ್ಕೆ 1200 ಟನ್ ಆಕ್ಸಿಜನ್ ಕೊಡಿ ಅಂತ ಕೇಂದ್ರಕ್ಕೆ ಹೇಳಿತ್ತು, ಕೇಂದ್ರ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, ಅಲ್ಲಿ ಹೈಕೋರ್ಟ್ ಹೇಳಿದ್ದೇ ನಿಂತಿತು. ಅಂಥ ಹೊತ್ತಲ್ಲಿ ವಾರ್ಡ್ ಒಳಗೆ ಜನ ಬಿಟ್ರೆ ಏನಾಗುತ್ತೆ ಅಂದ್ರೆ, ಸಿಸ್ಟರ್ ಹೇಳಿದ ಮಾತು, ಪೇಷಂಟ್ ಕಡೆಯೋರು ತಾವೇ ಹೋಗಿ ಆಕ್ಸಿಜನ್ ಎಷ್ಟು ಬರ್ಬೇಕು ಅಂತ ಇಟ್ಟಿರೋ ಫ್ಲೋ ಮೀಟರ್ ತಿರುಗಿಸಿ ಜಾಸ್ತಿ ಮಾಡ್ಬಿಡ್ತಾರೆ, ನಮ್ಮಪ್ಪನಿಗೆ ಇನ್ನೂ ಸ್ವಲ್ಪ ಸಿಗ್ಲಿ ಅಂತ, ಆ ಕಡೆ ಕೊನೇ ಬೆಡ್ಡಿಗೆ ಪ್ರೆಶರ್ ಕಮ್ಮಿ ಆಗುತ್ತೆ. ಮತ್ತೆ ಒಳಗೆ ಹೋದೋರು ಸೋಂಕು ಹಚ್ಕೊಂಡು ಊರಿಗೆ ತಗೊಂಡು ಹೋಗೋದು ಬೇರೆ. ನಿಯಮಕ್ಕೆ ಕಾರಣ ಇತ್ತು.

ಆದ್ರೆ ಆ ನಿಯಮ ಬರೆದೋರ ತಲೇಲಿ ಇದ್ದದ್ದು ಯಾರು ಅನ್ನೋದೇ ಪ್ರಶ್ನೆ. ಸಂಜೆ ನಾಲ್ಕರಿಂದ ಆರು, ಎಳನೀರು ಮೂಸಂಬಿ ತಗೊಂಡು ಬಂದು ಕಾಲ ಹತ್ರ ನಿಂತು ಹೋಗ್ತಾರಲ್ಲ, ಅವರು ವಿಸಿಟರ್ಸ್, ನೋಡೋಕೆ ಬರೋರು. ನಮ್ಮ ಆಸ್ಪತ್ರೆಗಳಲ್ಲಿ ಇನ್ನೊಂದು ಜಾತಿ ಇದೆ, ಪೇಷಂಟ್ ಕಡೆಯೋರು ಯಾರ್ರೀ ಅಂತ ಸಿಸ್ಟರ್ ಕೂಗಿದ ತಕ್ಷಣ ಎದ್ದು ಓಡೋರು. ಚೀಟಿ ತಗೊಂಡು ಮೆಡಿಕಲ್‌ಗೆ ಓಡೋದು, ಬ್ಲಡ್ ಸ್ಯಾಂಪಲ್ ಲ್ಯಾಬಿಗೆ ಕೊಡೋದು, ಗ್ಲೂಕೋಸ್ ಖಾಲಿ ಆಯ್ತು ಅಂತ ಹೇಳೋದು, ಬೆಡ್‌ಪ್ಯಾನ್ ಇಡೋದು, ಮಗ್ಗುಲು ತಿರುಗಿಸೋದು, ರಾತ್ರಿ ಮಂಚದ ಕೆಳಗೆ ಚಾಪೆ ಹಾಸ್ಕೊಂಡು ಮಲಗೋದು. ಇವರು ನೋಡ್ಕೊಳ್ಳೋಕೆ ಬರೋರು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕ ಏನು ಅಂದ್ರೆ ಸಾಮಾನ್ಯ ವಾರ್ಡಲ್ಲಿ 5 ಪೇಷಂಟಿಗೆ ಒಬ್ರು ನರ್ಸು, ಟೀಚಿಂಗ್ ಆಸ್ಪತ್ರೇಲಿ 3ಕ್ಕೆ ಒಬ್ರು, ಐಸಿಯುನಲ್ಲಿ ಒಬ್ರಿಗೊಬ್ರು. ಅತ್ತೆ ಇದ್ದ ವಾರ್ಡಲ್ಲಿ 24 ಬೆಡ್ಡಿಗೆ ರಾತ್ರಿ ಇಬ್ರು ಸಿಸ್ಟರು. ಕೋವಿಡ್‌ಗೆ ಮುಂಚೆನೂ ಹಂಗೇ ಇತ್ತು, ಆದ್ರೆ ಆಗ ಪ್ರತಿ ಮಂಚದ ಪಕ್ಕ ಒಬ್ರು ಕಡೆಯೋರು ಇರ್ತಿದ್ರಲ್ಲ, ಆ ಕೊರತೆ ಕಾಣಿಸ್ತಾ ಇರ್ಲಿಲ್ಲ. ವಿಸಿಟರ್ಸ್ ಬೇಡ ಅಂತ ಒಂದು ಸಾಲು ಬರೆದು, ಆಸ್ಪತ್ರೆಯವರೇ ಸಂಬಳ ಇಲ್ಲದೆ ದುಡಿಸ್ಕೋತಿದ್ದ ಅಷ್ಟೂ ಜನರನ್ನ ಒಂದೇ ದಿನ ಮನೆಗೆ ಕಳಿಸಿಬಿಟ್ರು, ಅವರ ಜಾಗಕ್ಕೆ ಇನ್ಯಾರೂ ಬರ್ಲಿಲ್ಲ.

ಮೊದಲ ದಿನ ಹೆಲ್ಪ್‌ಡೆಸ್ಕಿಂದ ಸಂಜೆ ಫೋನ್, ಸ್ಟೇಬಲ್. ಎರಡನೇ ದಿನ ಸಂಜೆ ನಾಲ್ಕೂಮುಕ್ಕಾಲಿಗೆ ಡ್ಯೂಟಿ ಡಾಕ್ಟ್ರೇ ಫೋನ್ ಮಾಡಿ, ಆಕ್ಸಿಜನ್ ನಿಮಿಷಕ್ಕೆ 12 ಲೀಟರ್ ಮೇಲಿದೆ, ಶುಗರ್ ಸ್ಟೀರಾಯ್ಡಿಂದ 380 ದಾಟಿದೆ ಇನ್ಸುಲಿನ್ ಶುರು ಮಾಡಿದೀವಿ, ಆದ್ರೆ ಪೇಷಂಟ್ ಕರೆದ್ರೆ ರೆಸ್ಪಾಂಡ್ ಮಾಡ್ತಿಲ್ಲ, ಡ್ರೌಸಿ ಇದಾರೆ, ನೀವು ಸ್ವಲ್ಪ ಗಟ್ಟಿ ಮನಸ್ಸು ಮಾಡ್ಕೊಳ್ಳಿ ಅಂದ್ರು. ಭಾವ ಅಲ್ಲೇ ಕೂತುಬಿಟ್ರು. ಅಕ್ಕ, ಭಾವನ ಹೆಂಡತಿ, ಫೋನ್ ಕಿತ್ಕೊಂಡು ಕೇಳಿದ್ದು ಒಂದೇ ಮಾತು, ಡಾಕ್ಟ್ರೇ ಕಿವೀಲಿ ಮೆಷಿನ್ ಇದೆಯಾ ನೋಡಿ. ಆ ಕಡೆ ಸ್ವಲ್ಪ ಹೊತ್ತು ಮೌನ. ಯಾವ ಮೆಷಿನ್?

ಆಗಿದ್ದು ಏನಂದ್ರೆ, ಆಕ್ಸಿಜನ್ ಮಾಸ್ಕಿನ ಎಲಾಸ್ಟಿಕ್ಕು ಕಿವಿ ಮೇಲೆ ಹಾದು ಹೋಗಿ ಕಿವಿ ಮೆಷಿನ್ ಅಲುಗಾಡಿ ಕುಂಯ್ ಅಂತ ಶಿಳ್ಳೆ ಹೊಡೆಯೋಕೆ ಶುರು ಮಾಡಿದೆ. ಕಿವಿ ಮೆಷಿನ್ ಬಳಸೋರ ಮನೇಲಿ ಎಲ್ಲರಿಗೂ ಗೊತ್ತಿರೋ ಸದ್ದು ಅದು, ಸರಿಯಾಗಿ ಕೂರಿಸಿದ್ರೆ ನಿಲ್ಲುತ್ತೆ. ರಾತ್ರಿ ಡ್ಯೂಟಿಯವರು ಯಾವ ಮಾನಿಟರ್ ಕೂಗ್ತಿದೆ ಅಂತ ಹುಡುಕಿ ಹುಡುಕಿ ಕೊನೆಗೆ ಇದು ಅಂತ ಗೊತ್ತಾಗಿ ತೆಗೆದು ಲಾಕರ್ ಒಳಗೆ ಇಟ್ಟಿದಾರೆ. ಮಾರನೇ ಶಿಫ್ಟಿನೋರಿಗೆ ಅದು ಗೊತ್ತಿಲ್ಲ. ಅಲ್ಲಿಂದ ಮುಂದೆ ಅಡಿಯಿಂದ ಮುಡಿವರೆಗೂ ಬಿಳಿ ಪಿಪಿಇ ಹಾಕ್ಕೊಂಡೋರು ಬಂದು ಅಮ್ಮಾ ಅಮ್ಮಾ ಅಂದ್ರೆ ಅತ್ತೆಗೆ ಕಾಣೋದು ಕನ್ನಡಕ ಮಾತ್ರ. ಸುಮ್ಮನೆ ಕಣ್ಣು ಮುಚ್ಕೊಂಡು ಮಲಗಿದಾರೆ. ಕಿವುಡು ಅನ್ನೋದು ಮಂಪರು ಅಂತ ಕೇಸ್‌ಶೀಟ್ ಸೇರಿತು.

ಆ ಡಾಕ್ಟ್ರು ಒಳ್ಳೆಯೋರು, ತಕ್ಷಣ ಹೋಗಿ ಮೆಷಿನ್ ಹಾಕಿಸಿದ್ರು, ಆದ್ರೆ ಬ್ಯಾಟರಿ ಮುಗಿಯೋ ಹಂತದಲ್ಲಿತ್ತು, ಮಾರನೇ ದಿನ ಅದೂ ಸತ್ತೋಯ್ತು. 13 ನಂಬರ್ ಬ್ಯಾಟರಿ, ಕಿತ್ತಳೆ ಬಣ್ಣದ ಸ್ಟಿಕ್ಕರ್ ಇರುತ್ತೆ, ಮಾಮೂಲಿ ಮೆಡಿಕಲ್ ಶಾಪಲ್ಲಿ ಸಿಗಲ್ಲ, ಕಿವಿ ಮೆಷಿನ್ ಮಾರೋ ಸೆಂಟರ್‌ಗೇ ಹೋಗ್ಬೇಕು, ಅದು ಲಾಕ್‌ಡೌನಲ್ಲಿ ಬಾಗಿಲು ಹಾಕಿದೆ. ಬೋರ್ಡ್ ಮೇಲಿನ ನಂಬರಿಗೆ ಫೋನ್ ಮಾಡಿ, ಅವರು ಪಾಪ ಸ್ಕೂಟರಲ್ಲಿ ಬಂದು ಅರ್ಧ ಶಟರ್ ಎತ್ತಿ ಒಂದು ಸ್ಟ್ರಿಪ್ ಕೊಟ್ಟು ಹೋದ್ರು. ಅದರ ಜೊತೆಗೆ ಅಕ್ಕ ಮಗಳ ಸ್ಲೇಟು, ಬಳಪ ಕಳಿಸಿದ್ರು. ಅತ್ತೆ ನಾಲ್ಕನೇ ಕ್ಲಾಸ್ ಓದಿದಾರೆ, ದಪ್ಪ ಅಕ್ಷರ ಆದ್ರೆ ಕೂಡಿಸ್ಕೊಂಡು ಓದ್ತಾರೆ. ಗೇಟಲ್ಲಿ ಬೆಳಗ್ಗೆ ಹನ್ನೊಂದರಿಂದ ಹನ್ನೆರಡು ಮಾತ್ರ ಸಾಮಾನು ತಗೋತಿದ್ರು, ಡಬ್ಬಿ ಮೇಲೆ ಟೇಪ್ ಅಂಟಿಸಿ ಹೆಸರು ಬೆಡ್ ನಂಬರ್ ಬರೀಬೇಕು, ಒಳಗೆ ಹೋದದ್ದು ವಾಪಸ್ ಬರಲ್ಲ. ಸ್ಲೇಟು ನೋಡಿ ಸೆಕ್ಯುರಿಟಿಯವರು ನಕ್ಕು, ಅಜ್ಜೀಗೆ ಹೋಂವರ್ಕಾ ಅಂದ್ರು. ಆ ವಾರ ನಾವು ನಕ್ಕಿದ್ದು ಅದೊಂದೇ ಸಲ ಇರ್ಬೇಕು.

ವೀಡಿಯೋ ಕಾಲ್ ವಿಷಯ. 2020ರ ಜುಲೈ ಕೊನೇಲೇ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ರಾಜ್ಯಗಳಿಗೆ ಪತ್ರ ಬರೆದು ಕೋವಿಡ್ ವಾರ್ಡಲ್ಲಿ ಪೇಷಂಟಿಗೆ ಸ್ಮಾರ್ಟ್‌ಫೋನ್, ಟ್ಯಾಬ್ ಬಳಸೋಕೆ ಬಿಡಿ, ಮನೆಯೋರ ಜೊತೆ ಮಾತಾಡ್ಲಿ ಅಂತ ಹೇಳಿತ್ತು. ಅದು ಒಳ್ಳೇದೇ. ಆದ್ರೆ ಮಂಚದ ಹತ್ರ ಇರೋ ಪ್ಲಗ್ಗಿಗೆ ಮಾನಿಟರ್ ಸಿಕ್ಕಿಸಿರ್ತಾರೆ, ಫೋನ್ ಚಾರ್ಜ್ ಎಲ್ಲಿ ಮಾಡೋದು, ಮಾಡಿದ್ರೂ 66 ವರ್ಷದವರು ಮುಖದ ಮೇಲೆ ಮಾಸ್ಕ್ ಇಟ್ಕೊಂಡು ಎತ್ತೋದು ಹೆಂಗೆ. ಮೂರನೇ ದಿನ ಒಬ್ರು ಸಿಸ್ಟರ್ ತಾವೇ ಫೋನ್ ಹಿಡ್ಕೊಂಡ್ರು. ನಮಗೆ ಅತ್ತೆ ಮಾತು ಒಂದೂ ಕೇಳ್ಲಿಲ್ಲ, ಆಕ್ಸಿಜನ್ ಸದ್ದು ಅಷ್ಟೇ. ಆದ್ರೆ ಅತ್ತೆಗೆ ಭಾವನ ಮುಖ ಕಂಡಿತ್ತು, ಮಾಸ್ಕ್ ಇಲ್ಲದ ಮುಖ, ಮೂರು ದಿನದಲ್ಲಿ ಅವರು ನೋಡಿದ ಮೊದಲ ಬಾಯಿ ಅದು. ಭಾವ ನಿಧಾನಕ್ಕೆ ಊಟ ಮಾಡಮ್ಮಾ, ಮಾಸ್ಕ್ ತೆಗೀಬೇಡಮ್ಮಾ ಅಂದ್ರು. ಅತ್ತೆ ತಲೆ ಆಡಿಸಿದ್ರು. ಆ ಎರಡು ಮಾತನ್ನ ಒಟ್ಟಿಗೆ ಹೇಳಿದ್ದೇ ಎಡವಟ್ಟಾಯ್ತು ಅಂತ ನಮಗೆ ಗೊತ್ತಾಗಿದ್ದು ಎರಡು ದಿನ ಆದ್ಮೇಲೆ.

ಐದನೇ ದಿನ, ಮೇ 14, ಬಸವ ಜಯಂತಿ. ಮಧ್ಯಾಹ್ನ ಹನ್ನೆರಡೂವರೆಗೆ ಊಟಕ್ಕೆ ಮುಂಚಿನ ಇನ್ಸುಲಿನ್ ಕೊಟ್ಟಿದಾರೆ, ಊಟದ ಪ್ಯಾಕೆಟ್ಟು ಲಾಕರ್ ಮೇಲೆ ಇಟ್ಟು ಹೋಗಿದಾರೆ. ಅತ್ತೆ ತಿಂದಿಲ್ಲ. ಮಗ ಮಾಸ್ಕ್ ತೆಗೀಬೇಡ ಅಂದಿದಾನೆ, ಮಾಸ್ಕ್ ತೆಗೀದೆ ತಿನ್ನೋದು ಹೆಂಗೆ, ಯಾರಾದ್ರೂ ಬಂದು ತೆಗೀತಾರೆ ಅಂತ ಕಾಯ್ತಾ ಇದ್ರಂತೆ. ಸಿಸ್ಟರ್ ಊಟ ಮಾಡಿ ಅಂತ ಹೇಳಿ ಹೋಗಿರ್ತಾರೆ, ಮೆಷಿನ್ ಮತ್ತೆ ಜಾರಿದೆ, ಕೇಳಿಲ್ಲ. ಸ್ಲೇಟು ಲಾಕರ್ ಹಿಂದೆ ಬಿದ್ದಿತ್ತು. ಎರಡು ಗಂಟೆಗೆ ಒಬ್ರು ಬಂದು ಮಾತಾಡಿಸಿದಾರೆ, ಉತ್ತರ ಇಲ್ಲ. ಆದ್ರೆ ಅಷ್ಟೊತ್ತಿಗೆ ಶಿಫ್ಟಿಂದ ಶಿಫ್ಟಿಗೆ ಆ ಬೆಡ್ ಬಗ್ಗೆ ಹೇಳಿ ಹೋಗ್ತಿದ್ದ ಮಾತೇ ಅದು, ಕಿವುಡು, ಕರೆದ್ರೆ ನೋಡಲ್ಲ. ಹಂಗಾಗಿ ಯಾರೂ ಗಾಬರಿ ಆಗ್ಲಿಲ್ಲ. ನಾಲ್ಕಕ್ಕೆ ಬೆರಳು ಚುಚ್ಚಿ ಶುಗರ್ ನೋಡಿದ್ರೆ 46, ಇನ್ಸುಲಿನ್ ಹೋಗಿ ಊಟ ಹೋಗದೆ ಅಪಾಯದ ಮಟ್ಟಕ್ಕೆ ಕುಸಿದಿತ್ತು. ಮೈಯೆಲ್ಲಾ ಬೆವರು. 25 ಪರ್ಸೆಂಟ್ ಡೆಕ್ಸ್‌ಟ್ರೋಸ್, ಅಂದ್ರೆ ಗ್ಲೂಕೋಸ್, ಕೊಟ್ಟು ಎಬ್ಬಿಸಿದ್ರು.

ಈ ಕೇಸಲ್ಲಿ ನನಗೆ ಮುಖ್ಯ ಅನ್ಸೋದು ಇದೇ. ಎರಡನೇ ದಿನ ಕಿವುಡನ್ನ ಮಂಪರು ಅಂದ್ಕೊಂಡ್ರು, ಐದನೇ ದಿನ ನಿಜವಾದ ಮಂಪರನ್ನ ಕಿವುಡು ಅಂದ್ಕೊಂಡ್ರು. ಎರಡೂ ಸಲ ಯಾರ ಮೇಲೂ ಬೆರಳು ತೋರಿಸೋ ಹಂಗಿಲ್ಲ, ಸಿಸ್ಟರ್‌ಗಳು ಪಿಪಿಇ ಒಳಗೆ ನೀರೂ ಕುಡೀದೆ ಓಡಾಡ್ತಿದ್ರು, ಡಾಕ್ಟ್ರು ಹೌಸ್ ಸರ್ಜನ್ಸಿ ಮುಗಿಸಿದ ಹುಡುಗ. ಅತ್ತೆ ನಿದ್ದೆ ಮಾಡ್ತಿದಾರಾ, ಕೇಳಿಸ್ತಿಲ್ವಾ, ಇಲ್ಲ ಜ್ಞಾನ ತಪ್ತಿದೆಯಾ ಅನ್ನೋದು ಮುಖ ನೋಡಿದ ತಕ್ಷಣ ಹೇಳಬಲ್ಲವರು ಭೂಮಿ ಮೇಲೆ ಒಂದು ನಾಲ್ಕು ಜನ ಇದೀವಿ. ನಾಲ್ಕೂ ಜನ ಗೇಟ್ ಆಚೆ ಹೊಂಗೆ ಮರದ ಕೆಳಗೆ ಕೂತಿದ್ವಿ.

ಅವತ್ತು ರಾತ್ರಿ ಡಾಕ್ಟ್ರು ಭಾವನಿಗೆ ಫೋನ್ ಮಾಡಿ ನೀವು ಪಾಸಿಟಿವ್ ಆಗಿದ್ರಾ ಅಂತ ಕೇಳಿದ್ರು. ಏಪ್ರಿಲಲ್ಲಿ ಆಗಿ ವಾಸಿ ಆಗಿತ್ತು. ಹಂಗಾದ್ರೆ ರಿಪೋರ್ಟ್ ತಗೊಂಡು ಬೆಳಗ್ಗೆ ಬನ್ನಿ ಅಂದ್ರು. ಸುಳ್ಳು ಯಾಕೆ ಹೇಳ್ಲಿ, ನಾವೂ ಅದಕ್ಕೆ ಎರಡು ದಿನ ಮುಂಚೆ ಒಬ್ರು ಲೀಡರ್ ಕೈಲಿ ಆಸ್ಪತ್ರೆಗೆ ಫೋನ್ ಮಾಡಿಸಿದ್ವಿ, ಅದು ಕೆಲಸ ಮಾಡ್ತೋ, 46 ಕೆಲಸ ಮಾಡ್ತೋ ಇವತ್ತಿಗೂ ಗೊತ್ತಿಲ್ಲ. ಎ4 ಹಾಳೇಲಿ ಮುಚ್ಚಳಿಕೆ ಬರೆಸ್ಕೊಂಡ್ರು, ನನಗೆ ಸೋಂಕು ತಗುಲಿದ್ರೆ ಆಸ್ಪತ್ರೆ ಜವಾಬ್ದಾರಿ ಅಲ್ಲ, ಒಬ್ಬನೇ ಇರ್ತೀನಿ, ಬದಲಿ ಜನ ಬರಲ್ಲ, ಒಳಗೆ ಹೋದ್ಮೇಲೆ ನಡುವೆ ಹೊರಗೆ ಬರಲ್ಲ, ಆಕ್ಸಿಜನ್ ಮುಟ್ಟಲ್ಲ. ಕೊನೇ ಸಾಲನ್ನ ಡಾಕ್ಟ್ರು ತಾವೇ ಪೆನ್ನಲ್ಲಿ ಸೇರಿಸಿದ್ರು.

15ರಿಂದ 19ರವರೆಗೆ ಭಾವ ಒಳಗಿದ್ರು. ಮೊದಲ ದಿನ ಪಿಪಿಇ ಕಿಟ್ ಕೊಟ್ರು, ಆಮೇಲೆ ಎನ್-95, ಫೇಸ್ ಶೀಲ್ಡು, ಪ್ಲಾಸ್ಟಿಕ್ ಏಪ್ರನ್ನು. ಕೆಲಸ ಏನು ಅಂದ್ರೆ ಹೇಳೋಕೆ ದೊಡ್ಡದೇನೂ ಇಲ್ಲ. ಮಾಸ್ಕ್ ಪಕ್ಕಕ್ಕೆ ಸರಿಸಿ ಎರಡು ತುತ್ತು ಮುದ್ದೆ, ಮತ್ತೆ ಮಾಸ್ಕು, ಆಕ್ಸಿಮೀಟರ್ ಏರೋವರೆಗೂ ಕಾಯೋದು, ಮತ್ತೆ ಎರಡು ತುತ್ತು, ಒಂದು ಊಟಕ್ಕೆ ಐವತ್ತು ನಿಮಿಷ. ಡಾಕ್ಟ್ರು ಬೋರಲು ಮಲಗಿಸಿ ಅಂತ ಮೊದಲ ದಿನದಿಂದ ಬರೀತಿದ್ರಂತೆ, ಅತ್ತೆಗೆ ಯಾರು ಹೇಳ್ಬೇಕು, ಹೇಳಿದ್ರೂ ಯಾರು ತಿರುಗಿಸ್ಬೇಕು, ಭಾವ ದಿಂಬು ಇಟ್ಟು ಮಲಗಿಸಿದ್ಮೇಲೆ 12 ಲೀಟರ್ ಇದ್ದದ್ದು ಮೂರು ದಿನದಲ್ಲಿ 6ಕ್ಕೆ ಬಂತು. ಬೋರಲು ಮಲಗಿದ್ದಕ್ಕೇ ಬಂತು ಅಂತ ನಾನು ಹೇಳಲ್ಲ, ರೋಗದ ಹತ್ತನೇ ದಿನ ದಾಟಿ ಆಗಿತ್ತು, ಬರೋದೂ ಇತ್ತೇನೋ. ಶುಗರ್ ಮಾತ್ರ ಆಮೇಲೆ ಒಂದ್ಸಲನೂ 90ಕ್ಕಿಂತ ಕೆಳಗೆ ಹೋಗ್ಲಿಲ್ಲ, ಊಟ ಆಯ್ತಾ ಅಂತ ನೋಡಿ ಹೇಳೋಕೆ ಒಬ್ರು ಇದ್ರಲ್ಲ.

ಎರಡನೇ ದಿನಕ್ಕೆ ಭಾವ ಅತ್ತೆಯೊಬ್ರಿಗೇ ಅಟೆಂಡರ್ ಆಗಿ ಉಳೀಲಿಲ್ಲ. ಅಣ್ಣಾ ಆ 17ನೇ ಬೆಡ್ ಗ್ಲೂಕೋಸ್ ನೋಡಿ, ಅಣ್ಣಾ 19ಕ್ಕೆ ನೀರು ಕೊಡಿ, ಸಿಸ್ಟರ್‌ಗಳೇ ಹೇಳೋಕೆ ಶುರು ಮಾಡಿದ್ರು. ಐದಾರು ಜನರಿಗೆ ಫೋನ್ ಹಿಡಿದು ಮನೆಯೋರನ್ನ ತೋರಿಸಿದ್ರಂತೆ. 17ನೇ ಬೆಡ್ಡಿನ ಹಿರಿಯರು 18ರ ಬೆಳಗಿನ ಜಾವ ಹೋಗ್ಬಿಟ್ರು, ಆಗ ಪಕ್ಕದಲ್ಲಿ ಇದ್ದದ್ದು ಭಾವ ಒಬ್ರೇ, ಅವರ ಕಡೆಯೋರಿಗೆ ಫೋನ್ ಹೋಗಿದ್ದು ಏಳು ಗಂಟೆ ಮೇಲೆ. ಭಾವ ಈ ವಿಷಯ ಜಾಸ್ತಿ ಮಾತಾಡಲ್ಲ.

ಹೊರಗೆ ಗಲಾಟೆ ಆಯ್ತು. ಅವರ ಮಗನಿಗೆ ಬಿಟ್ಟಿದೀರಾ ನಮಗ್ಯಾಕಿಲ್ಲ, ಎಷ್ಟು ತಗೊಂಡ್ರಿ ಅಂತ ಒಬ್ರು ಗೇಟ್ ಅಲುಗಾಡಿಸಿದ್ರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರ್ಲಿಲ್ಲ. ನನ್ನ ಹತ್ರ ಉತ್ತರ ಇತ್ತು, ನಮ್ಮತ್ತೆಗೆ ಕಿವಿ ಕೇಳಲ್ಲ ಅಂತ, ಆದ್ರೆ ಅವರ ಹೆಂಡತಿಗೆ ಪಾರ್ಶ್ವವಾಯು ಆಗಿತ್ತಂತೆ, ಬಲಗೈ ಏಳಲ್ಲ. ಬಾಯಲ್ಲಿ ನಿಯಮ ಕಟ್ಟುನಿಟ್ಟು, ಕೈಯಲ್ಲಿ ಅವರವರ ವಶೀಲಿ ಇದ್ದಂಗೆ ಸಡಿಲ, ಹಂಗಿದ್ದಾಗ ಬಿಡಿಸ್ಕೊಂಡೋರು ಕಳ್ಳರ ಥರ, ಬಿಡಿಸ್ಕೊಳ್ಳದೋರು ದಡ್ಡರ ಥರ ಕಾಣ್ತಾರೆ. ವಿನಾಯಿತಿನ ಬರೆದೇ ಇಟ್ಟಿದ್ರೆ ಆ ಮನುಷ್ಯನಿಗೆ ಗೇಟ್ ಅಲುಗಾಡಿಸೋ ಬದಲು ತೋರಿಸೋಕೆ ಒಂದು ಸಾಲಾದ್ರೂ ಇರ್ತಿತ್ತು.

ಬರೆದಿಟ್ಟೋರು ಇದ್ರು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2020ರ ಏಪ್ರಿಲಲ್ಲಿ ಭೇಟಿ ಎಲ್ಲಾ ನಿಲ್ಲಿಸಿದಾಗ್ಲೂ ಕೆಲವರನ್ನ ಬಿಡ್ಬೇಕು ಅಂತ ಅದೇ ಹಾಳೇಲಿ ಬರೆದಿತ್ತು, ಸಾಯೋ ಸ್ಥಿತೀಲಿ ಇರೋರ ಹತ್ತಿರದವರು, ಹೆರಿಗೆಗೆ ಜೊತೆಗಾರ, ಮಗುವಿನ ಅಪ್ಪ ಅಥವಾ ಅಮ್ಮ, ಮತ್ತೆ ಮರೆವಿನ ಕಾಯಿಲೆ, ಆಟಿಸಂ ಇಂಥದ್ದು ಇರೋರ ಜೊತೆ ಒಬ್ರು. ಅಷ್ಟಿದ್ದೂ ಅಲ್ಲಿ ಎಲ್ಲಾ ಸರಿ ಇತ್ತು ಅಂತಲ್ಲ, ಮಾರ್ಚ್ ಕೊನೇಲಿ ಲಂಡನ್ನಲ್ಲಿ 13 ವರ್ಷದ ಹುಡುಗ ಪಕ್ಕದಲ್ಲಿ ಮನೆಯೋರು ಯಾರೂ ಇಲ್ಲದೆ ತೀರಿಕೊಂಡಿದ್ದ. ನಮ್ಮ ಕೇಸಿಗೆ ಇನ್ನೂ ಹತ್ತಿರ ಅಂದ್ರೆ ಅಮೆರಿಕದ ಕನೆಕ್ಟಿಕಟ್. ಮಾತು ಹೋಗಿದ್ದ, ನೆನಪು ನಿಲ್ಲದ ವಯಸ್ಸಾದ ಹೆಂಗಸೊಬ್ರಿಗೆ ಜೊತೆಗೆ ಯಾರನ್ನೂ ಬಿಡ್ಲಿಲ್ಲ ಅಂತ ಅಲ್ಲಿ ದೂರು ಹೋಗಿ, ಕೇಂದ್ರ ಸರ್ಕಾರದ ನಾಗರಿಕ ಹಕ್ಕುಗಳ ಕಚೇರಿ ನಡುವೆ ಬಂದು, 2020ರ ಜೂನಲ್ಲಿ ಅಂಗವೈಕಲ್ಯ ಇರೋ ಪೇಷಂಟ್‌ಗೆ ಒಬ್ರು ಸಹಾಯಕರನ್ನ ಬಿಡ್ಬೇಕು ಅಂತ ಇಡೀ ರಾಜ್ಯಕ್ಕೇ ಆದೇಶ ಆಯ್ತು. ಅವರನ್ನ ವಿಸಿಟರ್ ಅಂತ ಲೆಕ್ಕ ಹಾಕ್ಲಿಲ್ಲ ಅನ್ನೋದು ಮುಖ್ಯ.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, 21 ಥರದ ವೈಕಲ್ಯ ಪಟ್ಟಿ ಇದೆ, ಕಿವುಡೂ ಅದರಲ್ಲಿದೆ. ಆದ್ರೆ ಅತ್ತೆ ಹತ್ರ ಯುಡಿಐಡಿ ಕಾರ್ಡ್, ಅಂದ್ರೆ ಸರ್ಕಾರ ಕೊಡೋ ಅಂಗವಿಕಲರ ಗುರುತಿನ ಚೀಟಿ, ಇಲ್ಲ, ವಯಸ್ಸಾದ್ಮೇಲೆ ಬಂದ ಕಿವುಡಿಗೆ ಯಾರು ಹೋಗಿ ಕಾರ್ಡ್ ಮಾಡಿಸ್ತಾರೆ. ಅದಕ್ಕೆ ನನ್ನ ಕೇಳಿದ್ರೆ ಕಾರ್ಡ್ ಕೇಳಬಾರ್ದು, ಅಡ್ಮಿಷನ್ ಟೇಬಲ್ಲಲ್ಲಿ ಮೂರೇ ಪ್ರಶ್ನೆ ಕೇಳ್ಬೇಕು. ಇವರು ತಾವಾಗೇ ನೀರು ಎತ್ಕೊಂಡು ಕುಡೀತಾರಾ, ತೊಂದರೆ ಆದ್ರೆ ಕರೀತಾರಾ, ಮುಖ ಮುಚ್ಕೊಂಡೋರು ಹೇಳಿದ್ದು ಇವರಿಗೆ ಅರ್ಥ ಆಗುತ್ತಾ. ಒಂದಕ್ಕೆ ಇಲ್ಲ ಅಂದ್ರೂ ಒಬ್ರು ಕಡೆಯೋರು ಬೇಕು, ಸಾಧ್ಯ ಆದ್ರೆ ಕೋವಿಡ್ ಬಂದು ಹೋದೋರು. 24 ಬೆಡ್ಡಲ್ಲಿ ಅಂಥೋರು ಆರೇಳು ಜನ ಇದ್ರು ಅಂತ ಭಾವನ ಅಂದಾಜು. ಈ ಮಾತನ್ನ ಆ ಸಿಸ್ಟರ್ ಹತ್ರ ಹೇಳಿದ್ದಕ್ಕೆ ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, ಆರು ಜನ ಸರಿ, ಆದ್ರೆ ಅವರಿಗೆ ಟಾಯ್ಲೆಟ್ ಎಲ್ಲಿದೆ ಅಂದ್ರು. ಪೇಷಂಟ್ ಟಾಯ್ಲೆಟ್ಟೇ ಎರಡು ಇದ್ದದ್ದು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಇನ್ನೊಂದು ವಿಷಯ, ಅದು ತಲೇಲಿ ಸುತ್ತುತ್ತಾ ಇರುತ್ತೆ. 2020ರ ಮಾರ್ಚ್ 15ಕ್ಕೇ, ದೇಶದಲ್ಲಿ ಕೇಸು ಇನ್ನೂ ನೂರರ ಆಸುಪಾಸಲ್ಲಿ ಇದ್ದಾಗ್ಲೇ, ಕೇಂದ್ರ ಆರೋಗ್ಯ ಇಲಾಖೆ ಸತ್ತವರ ದೇಹದ ಬಗ್ಗೆ ಮಾರ್ಗಸೂಚಿ ತಂದಿತ್ತು. ಮುಟ್ಟಬಾರ್ದು, ಸ್ನಾನ ಮಾಡಿಸಬಾರ್ದು, ಆದ್ರೆ ಚೀಲದ ಜಿಪ್ಪು ಮುಖದ ಹತ್ರ ತೆಗೆದು ಮನೆಯೋರಿಗೆ ಕೊನೇ ಸಲ ತೋರಿಸಬಹುದು, ಬೂದಿ ತಗೊಂಡು ಹೋಗಬಹುದು ಅಂತ ಬಿಡಿಸಿ ಬಿಡಿಸಿ ಬರೆದಿದಾರೆ. ಜೀವ ಇರೋರ ಮುಖ ಯಾರು ಯಾವಾಗ ನೋಡಬಹುದು ಅನ್ನೋದಕ್ಕೆ ಅಂಥ ಒಂದು ಹಾಳೆ ನಮ್ಮ ಗೇಟಲ್ಲಿ ಯಾರ ಹತ್ರನೂ ಇರ್ಲಿಲ್ಲ.

ಅತ್ತೆ ಮೇ 24ಕ್ಕೆ ಡಿಸ್ಚಾರ್ಜ್ ಆದ್ರು, ಮನೇಲಿ ಮೂರು ವಾರ ಬಾಡಿಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಇತ್ತು, ಈಗ ಚೆನ್ನಾಗಿದಾರೆ. ಸ್ಲೇಟು ವಾಪಸ್ ಬರ್ಲಿಲ್ಲ, ಅಕ್ಕನ ಮಗಳು ಬಹಳ ದಿನ ಕೇಳ್ತಿದ್ಲು. ಡಿಸ್ಚಾರ್ಜ್ ಸಮ್ಮರಿ ನನ್ನ ಹತ್ರನೇ ಇದೆ, ಎರಡೂವರೆ ಪುಟ. ಸ್ಟೀರಾಯ್ಡ್ ಎಷ್ಟು, ಇನ್ಸುಲಿನ್ ಎಷ್ಟು, ಆಕ್ಸಿಜನ್ ದಿನಕ್ಕೆ ಎಷ್ಟೆಷ್ಟು ಇಳೀತು ಎಲ್ಲಾ ಇದೆ. ಎರಡನೇ ದಿನ ಡ್ರೌಸಿ ಅಂತ ಇದೆ. ಮೇ 14ರ 46 ಇದೆ. ಕಿವಿ ಕೇಳಲ್ಲ ಅನ್ನೋದು ಎಲ್ಲೂ ಇಲ್ಲ, ಭಾವ ಒಳಗಿದ್ದ ಐದು ದಿನವೂ ಎಲ್ಲೂ ಇಲ್ಲ. ಮುಚ್ಚಳಿಕೆ ಬರೆದುಕೊಟ್ಟ ಆ ಹಾಳೆಯ ಜೆರಾಕ್ಸ್ ಕೇಳಿದ್ವಿ, ಅಂಥದ್ದು ನಾವು ಯಾರ ಹತ್ರನೂ ಬರೆಸ್ಕೊಂಡಿಲ್ಲ ಅಂದ್ರು.